ಕೋವಿಯೊಳಗಣ ಕೊಳವೆ

ಹಳೆಯ ಬೋಲ್ಟ್ ರೈಫಲುಗಳನ್ನು ಬಲ್ಲವರ ಕೈಗೆ ಒಂದು ಮೌಸರನ್ನೋ ರಿಗ್ಬಿಯನ್ನೋ ಕೊಟ್ಟು ನೋಡಿ. ಹೆಗಲಿಗೇರಿಸಿ ಗುರಿ ಹಿಡಿಯುವ ಆತುರ ಅವರಿಗೆ ಇರುವುದಿಲ್ಲ. ಮೊದಲು ಬೋಲ್ಟಿನ ಹಿಡಿ ಎತ್ತಿ ಹಿಂದಕ್ಕೆಳೆದು ಒಳಗೆ ತೋಟೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಬೋಲ್ಟನ್ನೇ ಪೂರ್ತಿ ಹೊರತೆಗೆದು ಪಕ್ಕಕ್ಕಿಟ್ಟು, ನಳಿಗೆಯನ್ನು ಬೆಳಕಿನ ಕಡೆ ತಿರುಗಿಸಿ, ಹಿಂಬದಿಯಿಂದ ಒಂದು ಕಣ್ಣಿಟ್ಟು ನೋಡುತ್ತಾರೆ. ಒಳಗೆ ಸುರುಳಿ ಸುತ್ತಿಕೊಂಡು ಹೋಗುವ ತೋಡುಗಳು ಹೊಳೆಯುತ್ತಿದ್ದರೆ ಮುಖ ಅರಳುತ್ತದೆ. ತುಕ್ಕು ತಿಂದು ಕುಳಿಬಿದ್ದಿದ್ದರೆ ಅಕ್ರೋಟು ಮರದ ಹಿಡಿಯ ಮೇಲೆ ಎಷ್ಟೇ ಚೆಂದದ ಎಳೆಗಳಿರಲಿ, ಲೋಹದ ಮೇಲೆ ಎಷ್ಟೇ ನಾಜೂಕಿನ ಕೆತ್ತನೆಯಿರಲಿ, ಮಾತು ಮುಂದುವರಿಯುವುದು ಕಷ್ಟ. ರೈಫಲಿನ ಯೋಗ್ಯತೆ ತೀರ್ಮಾನವಾಗುವುದು ಆ ಟೊಳ್ಳಿನಲ್ಲಿ.

ಆ ಟೊಳ್ಳಿಗೇ ಕನ್ನಡದಲ್ಲಿ ಕೋವಿ ಎಂದು ಹೆಸರಿತ್ತು. ಇಂದು ಕೋವಿ ಎಂದರೆ ಇಡೀ ಆಯುಧ. ಆದರೆ ಪದದ ಮೊದಲ ಅರ್ಥ ಕೊಳವೆ. ಮದ್ದು, ಗುಂಡು, ಬೆಂಕಿ ಯಾವುದೂ ಅದರೊಳಗೆ ಇರಲಿಲ್ಲ.

ಇದರ ನಂಟು ಕಾಣಬೇಕಾದರೆ ತೆಲುಗಿನ ಕಡೆ ಹೊರಳಬೇಕು. ತೆಲುಗರು ಕೃಷ್ಣನ ಕೊಳಲನ್ನು ಪಿಲ್ಲನಗ್ರೋವಿ ಎನ್ನುತ್ತಾರೆ. ಅದರಲ್ಲಿರುವ ಕ್ರೋವಿ ಎಂದರೆ ಕೊಳವೆ. ಬಣ್ಣದ ನೀರು ಚಿಮ್ಮಿಸುವ ಪಿಚಕಾರಿ ಅವರಿಗೆ ಚಿಮ್ಮನಗ್ರೋವಿ. ನಮ್ಮ ಹಳಗನ್ನಡ ಕಾವ್ಯಗಳ ಜಲಕ್ರೀಡೆಯಲ್ಲಿ ಹೆಣ್ಣುಗಂಡುಗಳು ಒಬ್ಬರ ಮೇಲೊಬ್ಬರು ನೀರೆರಚುವ ಜೀರ್ಕೊಳವಿ ಇದಕ್ಕೆ ಜೊತೆಯ ಪದ. ಕೊಳಲು, ಕೊಳವಿ, ಕೊಳವೆ, ಕ್ರೋವಿ ಎಲ್ಲವೂ ಒಂದೇ ಬೇರಿನ ಚಿಗುರುಗಳು. ದ್ರಾವಿಡ ಪದಗಳ ನಡುವಿನ ಹಳೆಯ ೞಕಾರ ಕನ್ನಡದಲ್ಲಿ ಳಕಾರವಾಗಿ ಉಳಿಯಿತು, ತೆಲುಗಿನಲ್ಲಿ ರಕಾರವಾಗಿ ಪದದ ಮೊದಲಕ್ಷರಕ್ಕೆ ಅಂಟಿಕೊಂಡಿತು. ಆ ರಕಾರ ಕಾಲಕ್ರಮದಲ್ಲಿ ಸವೆದುಹೋಗುವುದೂ ಉಂಟು. ಕ್ರೋತಿ ಕೋತಿಯಾದದ್ದು ಹಾಗೆಯೇ. ಕೋವಿ ನಿಂತಿರುವುದು ಈ ಸಾಲಿನಲ್ಲಿ. ಅಂದರೆ ಕೊಡಗಿನ ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ಗೋಡೆಗೆ ಒರಗಿರುವ ರೈಫಲೂ ತೆಲುಗು ಭಜನೆಯ ಕೊಳಲೂ ಹೆಸರಿನಲ್ಲಿ ದಾಯಾದಿಗಳು. ನನಗೆ ಇದು ಬರೀ ನಿಘಂಟಿನ ಸಂಗತಿಯಾಗಿ ಕಾಣುವುದಿಲ್ಲ. ಹೊಸ ಯಂತ್ರವೊಂದು ಹೊಗೆಯುಗುಳುತ್ತ ಎದುರು ಬಂದು ನಿಂತಾಗ ನಮ್ಮವರು ಅದರ ಸದ್ದಿಗೆ ಬೆದರದೆ ಆಕಾರವನ್ನು ನೋಡಿ ಹೆಸರಿಟ್ಟರು.

ಆ ಯಂತ್ರ ಕನ್ನಡನಾಡಿನಲ್ಲಿ ತನ್ನ ಪ್ರಭಾವ ತೋರಿಸಿದ ಒಂದು ಸಂದರ್ಭ ದಾಖಲೆಯಲ್ಲಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನೂ ಅವನ ಜೊತೆಗಾರರೂ ವಿಜಯನಗರದ ಪಕ್ಷದಲ್ಲಿದ್ದರು. ಕೋಟೆಯ ಮೇಲಿನಿಂದ ತಲೆಯೆತ್ತಿದವರನ್ನು ಅವರು ಬತ್ತಿ ಕೋವಿಗಳಿಂದ ಹೊಡೆದು ಕೆಡವುತ್ತಿದ್ದರೆ ಕೆಳಗಿನ ಆಳುಗಳಿಗೆ ಗೋಡೆಯ ಕಲ್ಲು ಕೀಳಲು ಎಡೆ ಸಿಕ್ಕಿತು. ಈ ವಿವರ ಬರೆದಿಟ್ಟವನು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಪ್ರವಾಸಿ. ಬತ್ತಿ ಕೋವಿಯೆಂದರೆ ಹೊತ್ತಿಸಿದ ಬತ್ತಿಯನ್ನು ಮದ್ದಿಗೆ ಮುಟ್ಟಿಸಿ ಹಾರಿಸುವ ಕೋವಿ. ಮಳೆಗೆ ಕೆಲಸಕ್ಕೆ ಬಾರದು, ಗಾಳಿಗೆ ನಂಬಿಕೆಯಿಲ್ಲ. ಆದರೂ ಅದರ ಮುಂದೆ ಕೋಟೆಗೋಡೆಗಳ ಲೆಕ್ಕಾಚಾರ ಬದಲಾಯಿತು.

ಕೋವಿಯ ಪಕ್ಕದಲ್ಲೇ ಇನ್ನೊಂದು ಪದ ನಮ್ಮಲ್ಲಿತ್ತು, ಈಗ ಮರೆಗೆ ಸರಿಯುತ್ತಿದೆ: ತುಪಾಕಿ. ಇದರ ಪ್ರಯಾಣ ಬಲು ದೂರದ್ದು. 11ನೆಯ ಶತಮಾನದಲ್ಲಿ ಮಹಮೂದ್ ಅಲ್ ಕಾಶ್ಗರಿ ಎಂಬ ವಿದ್ವಾಂಸ ತುರ್ಕಿ ಮಾತುಗಳಿಗೆ ಒಂದು ದೊಡ್ಡ ನಿಘಂಟು ಕಟ್ಟಿದ. ಅದರಲ್ಲಿ ತುವೆಕ್ ಎಂಬ ಪದವಿದೆ. ಹಸಿ ಕೊಂಬೆಯಿಂದ ಮಾಡಿದ, ಸಣ್ಣ ಉಂಡೆಗಳನ್ನು ಊದಿ ಗುಬ್ಬಚ್ಚಿ ಹೊಡೆಯುವ ಕೊಳವೆ ಎಂದು ಅದರ ಅರ್ಥ. ಆಗ ತುರ್ಕರ ಕೈಯಲ್ಲಿ ಕೋವಿ ಇರಲಿಲ್ಲ. ಕೆಲವು ಶತಮಾನ ಕಳೆದು ಮದ್ದಿನ ಕೋವಿ ಬಂದಾಗ ಆ ಊದುಕೊಳವೆಯ ಹೆಸರೇ ಅದಕ್ಕೆ ಸಾಕಾಯಿತು. ತುರ್ಕಿಯಲ್ಲಿ ತುಫೆಕ್, ಪರ್ಷಿಯನ್ನಿನಲ್ಲಿ ತುಫಂಗ್. ದಖ್ಖನಕ್ಕೆ ಅದು ಪುಸ್ತಕದ ಮೂಲಕವಷ್ಟೇ ಬರಲಿಲ್ಲ. ಇಲ್ಲಿನ ಸುಲ್ತಾನರ ಬಳಿ ತುರ್ಕಿ ಕಡೆಯ ತೋಪುಗಾರರೇ ಕೆಲಸಕ್ಕಿದ್ದರು. ವಿಜಯಪುರದಲ್ಲಿ ಇಂದಿಗೂ ಜನ ಮುಟ್ಟಿ ನೋಡುವ ಮಲಿಕ್ ಎ ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಗೆ ರೂಮಿ ಎಂದಿದೆ. ರೂಮ್ ಎಂದರೆ ಆಗಿನ ಮಾತಿನಲ್ಲಿ ತುರ್ಕರ ಸೀಮೆ. ಕೆಲಸಗಾರರು ಬಂದಲ್ಲಿಗೆ ಕೆಲಸದ ಮಾತೂ ಬಂತು. ತೆಲುಗಿನಲ್ಲಿ, ಕನ್ನಡದಲ್ಲಿ ತುಪಾಕಿ, ತಮಿಳಿನಲ್ಲಿ ತುಪ್ಪಾಕ್ಕಿ. ಮಲಯಾಳದಲ್ಲಿ ನಡುವಿನ ಅಕ್ಷರ ಕರಗಿ ತೋಕ್ಕ್. ಕೊಡವರ ನಾಲಗೆಯಲ್ಲಿ ತೋಕ್.

ಈ ಪದದ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ತಿರುವು ನಡೆದಿರುವುದು ಛತ್ತೀಸಗಢದ ಬಸ್ತರಿನಲ್ಲಿ. ಜಗದಲ್ಪುರದಲ್ಲಿ ಜಗನ್ನಾಥನ ರಥ ಎಳೆಯುವ ಗೋಂಚಾ ಹಬ್ಬದ ಹೊತ್ತಿಗೆ ಆದಿವಾಸಿಗಳು ಬಿದಿರಿನ ಕೊಳವೆಯಲ್ಲಿ ಪೇಂಗ್ ಎಂಬ ಕಾಡುಕಾಯಿ ತುರುಕಿ, ಹಿಂದಿನಿಂದ ಕೋಲು ನೂಕಿ ಫಟ್ಟೆಂದು ಹಾರಿಸುತ್ತಾರೆ. ದೇವರಿಗೆ ಅದೇ ಸಲಾಮಿ. ಆ ಬಿದಿರಿಗೆ ಅಲ್ಲಿ ತುಪಕಿ ಎನ್ನುತ್ತಾರೆ. ಗುಬ್ಬಿ ಹೊಡೆಯುವ ಕೊಳವೆಯಿಂದ ಹೊರಟ ಪದ ಸಾಮ್ರಾಜ್ಯಗಳ ಕೋವಿಯಾಗಿ ಮೆರೆದು ಮತ್ತೆ ಕಾಯಿ ಹಾರಿಸುವ ಕೊಳವೆಗೇ ಬಂದು ಸೇರಿತು. ನಮ್ಮ ಮಲೆನಾಡಿನಲ್ಲೂ ಉತ್ತರ ಕನ್ನಡದಲ್ಲೂ ಚೌತಿಯ ದಿನಗಳಲ್ಲಿ ಮಕ್ಕಳು ಜುಮ್ಮನಕಾಯಿ ತುಂಬಿ ಹಾರಿಸುವ ಪೆಟ್ಲು ಇದರದೇ ಜಾತಿಯ ಆಟಿಕೆ. ಹೆಸರು ಮಾತ್ರ ಬೇರೆ, ಸದ್ದಿನಿಂದ ಹುಟ್ಟಿದ್ದು.

ಬಂದೂಕು ಎಂಬುದರ ಹುಟ್ಟು ಇನ್ನೂ ವಿಚಿತ್ರ. ಕಪ್ಪು ಸಮುದ್ರದ ದಕ್ಷಿಣ ದಂಡೆಗೆ ಗ್ರೀಕರು ಪೊಂಟಸ್ ಎನ್ನುತ್ತಿದ್ದರು. ಅಲ್ಲಿಂದ ಬರುವ ಒಂದು ದುಂಡು ಕಾಯಿಗೆ ಅವರಿಟ್ಟ ಹೆಸರು ಪೊಂಟಸಿನ ಕಾಯಿ, ಪೊಂಟಿಕಾನ್. ಇಂದು ಚಾಕೊಲೇಟಿನಲ್ಲಿ ನಾವು ತಿನ್ನುವ ಹೇಜಲ್‌ನಟ್ ಅದೇ, ಈಗಲೂ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದು ಆ ಸೀಮೆಯಿರುವ ತುರ್ಕಿಯಲ್ಲಿ. ಗ್ರೀಕ್ ಹೆಸರು ಅರಬ್ಬಿಗೆ ಹೋಗಿ ಬುಂದುಕ್ ಆಯಿತು. ಅರಬರು ಅದೇ ಗಾತ್ರದ, ಅದೇ ಆಕಾರದ ಮಣ್ಣಿನ ಉಂಡೆಗೂ ಬುಂದುಕ್ ಎಂದರು. ಆ ಉಂಡೆಯನ್ನು ಬಾಣದ ಬದಲು ಬಿಲ್ಲಿಗೆ ಹೂಡಿ ಹಕ್ಕಿ ಹೊಡೆಯುವುದು ಅಲ್ಲಿನ ದೊರೆಗಳ ಮೆಚ್ಚಿನ ಬೇಟೆ. 1260ರಿಂದ 1277ರವರೆಗೆ ಈಜಿಪ್ಟನ್ನು ಆಳಿದ ಸುಲ್ತಾನ ಬೈಬರ್ಸನಿಗೆ ಅಲ್ ಬುಂದುಕ್‌ದಾರಿ ಎಂಬ ಬಿರುದಿತ್ತು. ಅವನು ಗುಲಾಮನಾಗಿದ್ದಾಗ ಅವನನ್ನು ಕೊಂಡಿದ್ದ ಯಜಮಾನ ದೊರೆಯ ಉಂಡೆಬಿಲ್ಲನ್ನು ಹೊರುವ ಬುಂದುಕ್‌ದಾರನಾಗಿದ್ದ, ಅಲ್ಲಿಂದ ಬಂದ ಹೆಸರು. ಇದನ್ನು ಕೋವಿ ಹೊರುವವನು ಎಂದು ಓದಿದರೆ ಇತಿಹಾಸವೇ ತಲೆಕೆಳಗಾಗುತ್ತದೆ. ಆ ಕಾಲಕ್ಕೆ ಅಲ್ಲಿ ಕೈಕೋವಿಯ ಬಳಕೆ ಇರಲಿಲ್ಲ.

ಮುಂದೆ ಉಂಡೆ ಹಾರಿಸುವ ಹೊಸ ಸಾಧನ ಬಂದಾಗ ಉಂಡೆಯ ಹೆಸರು ಅದಕ್ಕೂ ತಗಲಿಕೊಂಡಿತು. ಪರ್ಷಿಯನ್, ಹಿಂದಿ, ಉರ್ದುಗಳನ್ನು ಹಾದು ಕನ್ನಡಕ್ಕೆ ಬಂದೂಕು ಆಯಿತು. ಅರಬ್ಬಿಯಲ್ಲಿ ವೆನಿಸ್ ನಗರಕ್ಕೂ ಬುಂದುಕಿಯ್ಯ ಎಂಬ ಹೆಸರಿರುವುದರಿಂದ ಬಂದೂಕು ವೆನಿಸಿನಿಂದ ಬಂತೆಂದು ಹೇಳುವವರಿದ್ದಾರೆ. ಉಂಡೆಬಿಲ್ಲಿನ ಬುಂದುಕ್ ಕೋವಿಗಿಂತ ಹಳೆಯದಾದ್ದರಿಂದ ಆ ವಾದ ನಿಲ್ಲುವುದಿಲ್ಲ. ಕೋವಿಯೂ ತುಪಾಕಿಯೂ ಟೊಳ್ಳನ್ನು ಹೆಸರಿಸಿದವು, ಬಂದೂಕು ಆ ಟೊಳ್ಳಿನಿಂದ ಹಾರುವ ಕಾಯಿಯನ್ನು ಹೆಸರಿಸಿತು. ಹಳೆಯ ರೈಫಲುಗಳ ಹಿಡಿಗೆ ಅತ್ಯುತ್ತಮವೆಂದು ಸಂಗ್ರಾಹಕರು ಮೆಚ್ಚುವ ಅಕ್ರೋಟು ಮರ ಬರುವುದೂ ತುರ್ಕಿ, ಕಾಕಸಸ್ ಕಡೆಯಿಂದಲೇ. ಬಂದೂಕಿನ ಹೆಸರೂ ಹಿಡಿಯೂ ನೆರೆಹೊರೆಯವು.

ಉಳಿದ ಹೆಸರುಗಳನ್ನೂ ನೋಡಿ. ತೋಪು ತುರ್ಕಿಯದು. ಫಿರಂಗಿಯಲ್ಲಿರುವುದು ಫ್ರಾಂಕರು, ಅಂದರೆ ಯುರೋಪಿನವರು. ತುಳುವಿನ ಬೆಡಿ, ಕೊಡವರ ಬೊಡಿ, ತಮಿಳಿನ ವೆಡಿ ಒಂದೇ ಮೂಲದವು, ಅವುಗಳ ಕಿವಿ ಸಿಡಿತದ ಮೇಲಿದೆ. ತುಳುವರಿಗೆ ಬೆಡಿಯೆಂದರೆ ಕೋವಿಯೂ ಹೌದು, ಪುತ್ತೂರು ಜಾತ್ರೆಯ ಸುಡುಮದ್ದೂ ಹೌದು.

ಇಷ್ಟು ಪದಗಳಿದ್ದ ಭಾಷೆಗೆ 19ನೆಯ ಶತಮಾನದಲ್ಲಿ ರೈಫಲ್ ಬಂತು. ಗೀರು, ಕೆರೆ ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದ ಅದರ ಮೂಲ. ನಳಿಗೆಯೊಳಗೆ ಕೊರೆದ ಸುರುಳಿ ತೋಡುಗಳಿಂದಾಗಿ ಈ ಹೆಸರು. ಗುಂಡು ಆ ತೋಡುಗಳಿಗೆ ಕಚ್ಚಿಕೊಂಡು ತಿರುಗುತ್ತ ಹೊರಬಿದ್ದರೆ ಗಾಳಿಯಲ್ಲಿ ಹೊರಳಾಡದೆ ನೇರ ಹೋಗುತ್ತದೆ. ಇದನ್ನು ಜರ್ಮನ್ ಸೀಮೆಯ ಕಮ್ಮಾರರು ನಾನೂರೈನೂರು ವರ್ಷಗಳ ಹಿಂದೆಯೇ ಅರಿತಿದ್ದರು. ತೊಡಕು ಬೇರೆ ಕಡೆಯಿತ್ತು. ನಳಿಗೆಯ ಮೂತಿಯಿಂದ ಗುಂಡು ತುಂಬುವಾಗ ತೋಡಿಗೆ ಬಿಗಿಯಾಗಿ ಕೂರುವಂತೆ ಬಡಿದು ಬಡಿದು ಇಳಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೇಟೆಗಾರನಿಗೆ ಆ ವ್ಯವಧಾನವಿತ್ತು, ಸಿಪಾಯಿಗಿರಲಿಲ್ಲ. ಹಾಗಾಗಿ ರೈಫಲ್ ಬಹುಕಾಲ ಬೇಟೆಯವರ ಸೊತ್ತಾಗಿಯೇ ಉಳಿಯಿತು.

ಹಿಂಬದಿಯಿಂದ ತುಂಬುವ ಒಂದು ದಾರಿ ತೆರೆದದ್ದು ಬೋಲ್ಟು. ಬಾಗಿಲಿನ ಚಿಲಕದ ಹಾಗೆ ಹಿಡಿ ಎತ್ತಿ ಹಿಂದಕ್ಕೆಳೆ, ತೋಟೆಯಿಡು, ಮುಂದಕ್ಕೆ ನೂಕಿ ಹಿಡಿ ಕೆಳಗಿಳಿಸು, ಬೀಗ ಬಿತ್ತು. ಯೋಹಾನ್ ನಿಕೋಲಾಸ್ ಡ್ರೈಸೆ ಇಂಥದೊಂದನ್ನು ರೂಪಿಸಿದ, ಪ್ರಷ್ಯದ ಸೇನೆ 1841ರಲ್ಲಿ ಅದನ್ನು ಒಪ್ಪಿಕೊಂಡಿತು. ಬೋಲ್ಟ್ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥವೂ ಇಲ್ಲಿ ನೆನೆಯತಕ್ಕದ್ದು. ಅಡ್ಡಬಿಲ್ಲಿನಿಂದ ಹಾರುವ ಮೊಂಡು ಬಾಣಕ್ಕೆ ಬೋಲ್ಟ್ ಎನ್ನುತ್ತಿದ್ದರು, ಬಾಗಿಲಿನ ಕಂಬಿಗೆ ಆ ಹೆಸರು ಬಂದದ್ದು ಆಮೇಲೆ. ಬಂದೂಕಿನ ಹಿಂದೆ ಉಂಡೆಬಿಲ್ಲು, ಬೋಲ್ಟಿನ ಹಿಂದೆ ಅಡ್ಡಬಿಲ್ಲು. ಬಿಲ್ಲಿನ ಮನೆತನದ ಎರಡು ಮಾತುಗಳು ಬಿಲ್ಲನ್ನು ಮೂಲೆಗೆ ತಳ್ಳಿದ ಆಯುಧದಲ್ಲಿ ಮನೆಮಾಡಿಕೊಂಡಿವೆ.

ಬೋಲ್ಟಿನ ಕೆಲಸವನ್ನು ಪರಿಪೂರ್ಣತೆಗೆ ಒಯ್ದವನು ಪಾಲ್ ಮೌಸರ್. ಜರ್ಮನಿಯ ನೆಕ್ಕರ್ ನದಿಯ ದಡದ ಓಬರ್ನ್‌ಡಾರ್ಫ್‌ನಲ್ಲಿ ಅವನ ಕಾರ್ಖಾನೆ. 1898ರ ಅವನ ಮಾದರಿಯನ್ನು ಹೊಗಳುವಾಗ ನಾನು ಮಿತಿ ಇಟ್ಟುಕೊಳ್ಳಲಾರೆ. ಬೋಲ್ಟಿನ ಮುಂಭಾಗದಲ್ಲಿ ಎರಡು ಗಟ್ಟಿ ಹಲ್ಲುಗಳು ಒಳಗೆ ಸಿಕ್ಕಿಕೊಂಡು ಒತ್ತಡ ತಡೆಯುತ್ತವೆ. ಅವು ಕೈಕೊಟ್ಟಾವೆಂದು ಹಿಂದೆ ಮೂರನೆಯದೊಂದು ಕಾವಲಿಗಿದೆ. ಪಕ್ಕದಲ್ಲಿ ಉದ್ದನೆಯ ಉಕ್ಕಿನ ಕೊಕ್ಕೆ. ಪೆಟ್ಟಿಗೆಯಿಂದ ಮೇಲೇಳುವ ತೋಟೆಯ ಅಂಚನ್ನು ಅದು ಆಗಲೇ ಕಚ್ಚಿ ಹಿಡಿದು, ನಳಿಗೆಗೆ ಸೇರಿಸಿ, ಹಾರಿದ ಮೇಲೆ ಖಾಲಿ ಸಿಪ್ಪೆಯನ್ನು ಎಳೆದು ಹೊರಗೆಸೆಯುವವರೆಗೂ ಕೈಬಿಡುವುದಿಲ್ಲ. ಎದುರಿಗೆ ಕಾಡುಕೋಣ ನಿಂತಿರುವಾಗ ತೋಟೆ ಅರ್ಧದಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂದು ಯೋಚಿಸಿದ ಮನಸ್ಸಿನ ಕೆಲಸ ಇದು. ಲಂಡನ್ನಿನ ರಿಗ್ಬಿ, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್‌ನಂಥ ಹೆಸರಾಂತ ಮನೆಗಳು ಮೌಸರಿನ ಬೋಲ್ಟುಗಳನ್ನು ತರಿಸಿಕೊಂಡು ಅವುಗಳ ಸುತ್ತ ತಮ್ಮ ನಳಿಗೆ, ಮರ, ಗುರಿಪಟ್ಟಿಗಳನ್ನು ಕೂರಿಸಿದವು. ಆಸ್ಟ್ರಿಯದ ಮಾನ್‌ಲಿಷರ್ ಶೋನೌವರ್ 1903ರಿಂದ ಬೇರೆಯದೇ ಸೊಬಗು ತಂದಿತು. ಬೋಲ್ಟಿನ ಹಿಡಿ ಚಪ್ಪಟೆ, ತೋಟೆಗಳು ತಿರುಗುವ ಪೆಟ್ಟಿಗೆಯಲ್ಲಿ. ಅದರ ಬೋಲ್ಟು ಎಳೆದವರು ಆ ನುಣುಪನ್ನು ಮರೆಯುವುದಿಲ್ಲ. ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ಆಗಿ ಕಲ್ಕತ್ತೆಯ ಬಳಿಯ ಇಶಾಪುರದ ಕಾರ್ಖಾನೆಯಲ್ಲೂ ತಯಾರಾಯಿತು.

ಈ ರೈಫಲುಗಳಿಗೆಲ್ಲ ಅಂಕಿಯೇ ಹೆಸರು: .275, .303, .315, .375. ಇವು ಏನನ್ನು ಅಳೆಯುತ್ತವೆ? .303 ಎಂದರೆ ನಳಿಗೆಯೊಳಗೆ ಎದುರುಬದುರು ದಿಬ್ಬಗಳ ನಡುವಿನ ಅಗಲ, ಇಂಚಿನ ಲೆಕ್ಕದಲ್ಲಿ. ಸೀಸದ ಒಂದು ಪೌಂಡಿಗೆ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡು ಬಂದರೆ ಅದು 12 ಬೋರ್. ಬೋರ್ ಎಂದರೆ ಕೊರೆದ ತೂತು. ಬೋರ್‌ವೆಲ್ಲಿಗೆ ನಾವು ಕೊಳವೆಬಾವಿ ಎಂದಾಗ ಆ ಬೋರಿಗೆ ಕೊಳವೆಯೇ ಸಾಟಿಯಾಯಿತು. ಅಂದರೆ ಇಂಗ್ಲಿಷಿನವರು ಅಂಕಿಯಲ್ಲಿ ಹೇಳುವುದನ್ನೇ ಕನ್ನಡ ಕೋವಿ ಎಂಬ ಒಂದು ಪದದಲ್ಲಿ ಹೇಳಿ ಮುಗಿಸಿತ್ತು. ಲೀ ಎನ್‌ಫೀಲ್ಡಿನ ನಳಿಗೆಯಲ್ಲಿ ಐದು ತೋಡುಗಳು ಎಡಕ್ಕೆ ಸುತ್ತುತ್ತವೆ, 7 ಮಿ.ಮೀ. ಮೌಸರಿನಲ್ಲಿ ನಾಲ್ಕು ಬಲಕ್ಕೆ. ಬಲ್ಲವರು ಬೆಳಕಿಗೆ ಹಿಡಿದು ನೋಡುವಾಗ ಎಣಿಸುವುದು ಇವನ್ನೇ.

ಅಂಕಿಗಳಲ್ಲಿ ಸರ್ಕಾರದ ಭಯವೂ ಅಚ್ಚಾಗಿದೆ. ಸೇನೆಯ .303 ತೋಟೆಗಳು ಬಂಡಾಯಗಾರರ ಕೈ ಸೇರಿಯಾವೆಂದು 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದ ನಾಗರಿಕರಿಗೆ ಆ ಅಳತೆಯ ಮೇಲೆ ನಿರ್ಬಂಧ ಹೇರಿದರು. ಕಸುಬುದಾರರು ಬೇರೆ ಅಳತೆ ಹುಡುಕಿಕೊಂಡರು. .315 ನಮ್ಮಲ್ಲಿ ಬೇರೂರಿದ್ದು ಹೀಗೆ. ಲೀ ಎನ್‌ಫೀಲ್ಡಿನ ಬೋಲ್ಟಿಗೆ ಆ ನಳಿಗೆ ಕೂರಿಸಿದ ರೈಫಲನ್ನು ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಗಳೂ ತಯಾರಿಸಿದವು.

.275 ರಿಗ್ಬಿಯನ್ನು ಕನ್ನಡಿಗರು ಬೇರೆ ದಾರಿಯಿಂದ ಬಲ್ಲರು. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟನಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಉಡುಗೊರೆಯಾಗಿ ಕೊಟ್ಟದ್ದು ಮೌಸರ್ ಬೋಲ್ಟಿನ .275 ರಿಗ್ಬಿ. ಹಿಡಿಯ ಮೇಲೆ ಬೆಳ್ಳಿಯ ತಗಡಿನಲ್ಲಿ ಆ ಸಂಗತಿ ಕೊರೆದಿದೆ. ಕಾರ್ಬೆಟ್ ತೀರಿಕೊಂಡ ಮೇಲೆ ಅದು ಅವನ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿತ್ತು. 2015ರಲ್ಲಿ ರಿಗ್ಬಿ ಕಂಪನಿಯೇ ಅದನ್ನು ಕೊಂಡುಕೊಂಡಿತು, ಮರುವರ್ಷ ಅದು ಕಾರ್ಬೆಟ್ ಓಡಾಡಿದ ಕುಮಾವೂಂ ಊರುಗಳಿಗೆ ಬಂದು ಹೋಯಿತು. ಕಾರ್ಬೆಟ್ಟನ ಬರಹವನ್ನು, ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರು. ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ಬೋಲ್ಟಿನದಲ್ಲ, ಕೆಳಗಿನ ಸನ್ನೆ ತಳ್ಳಿ ತುಂಬುವಂಥದು.

ದೊಡ್ಡ ಹೆಸರುಗಳ ನೆರಳಿನಲ್ಲಿ ನಮ್ಮವರು ಕಟ್ಟಿಕೊಂಡ ಸಣ್ಣ ಪದಗಳು ಮರೆಯಾಗಬಾರದು. ಮದ್ದು ಎಂದರೆ ಔಷಧ, ಸಿಡಿಯುವ ಪುಡಿಯೂ ಮದ್ದೇ. ಆ ಪುಡಿಯನ್ನು ಕಂಡುಹಿಡಿದ ಚೀನಿಯರ ಭಾಷೆಯಲ್ಲೂ ಅದರ ಹೆಸರಿನ ಅರ್ಥ ಬೆಂಕಿಮದ್ದು. ಮರಾಠಿಯ ದಾರೂಗೂ ಔಷಧ, ಹೆಂಡ, ಸಿಡಿಮದ್ದು ಮೂರೂ ಅರ್ಥಗಳುಂಟು. ಕಾಡತೂಸಿನಲ್ಲಿ ಕಾಡು ಕಾಣಿಸಿದರೂ ಅದು ಮರಾಠಿಯ ದಾರಿಯಾಗಿ ಬಂದ ಪೋರ್ಚುಗೀಸರ ಕಾರ್ತೂಶು, ಹಿಂದೆ ಸರಿದರೆ ಕಾಗದದ ಸುರುಳಿ. ಮೊದಲ ತೋಟೆಗಳು ಕಾಗದದವೇ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಎನ್‌ಫೀಲ್ಡಿನ ಕೊಬ್ಬು ಸವರಿದ ಕಾಗದದ ತೋಟೆ. ಗುಂಡು ಗುಂಡುಕಲ್ಲಿನ ಗುಂಡು. ಈಡು ಬಂದದ್ದು ಇಡು ಎಂಬುದರಿಂದ, ಎಸೆ, ಹೊಡೆ ಎಂಬ ಹಳೆಯ ಅರ್ಥದ್ದು. ಕೆದಂಬಾಡಿ ಜತ್ತಪ್ಪ ರೈಗಳು ತಮ್ಮ ಬೇಟೆಯ ಪುಸ್ತಕಕ್ಕೆ 'ಈಡೊಂದು ಹುಲಿಯೆರಡು' ಎಂದು ಹೆಸರಿಟ್ಟಾಗ ಆ ಪದದ ಬಿಗಿ ಎಷ್ಟೆಂದು ಗೊತ್ತಾಗುತ್ತದೆ.

ಇಂಥ ಸಣ್ಣ ಪದಗಳಲ್ಲಿ ಕುದುರೆ ಎಂಬುದರ ಹಾದಿ ಬೋಲ್ಟಿಗೆ ನೇರ ಸಂಬಂಧಿಸಿದ್ದು. ಕಿಡಿ ಹಾರಿಸುವ ಕಲ್ಲಿನ ಕೋವಿಯಲ್ಲಿ, ಅದಾದ ಮೇಲೆ ಬಂದ, ಬಡಿದರೆ ಸಿಡಿಯುವ ಕೇಪಿನ ಕೋವಿಯಲ್ಲಿ, ಮೇಲೆ ನಿಗುರಿ ನಿಂತು ಹೊಡೆಯುವ ಸುತ್ತಿಗೆಗೆ ನಮ್ಮವರು ಕುದುರೆ ಎಂದರು. ತಮಿಳರೂ ಕುದಿರೈ ಎಂದರು, ಹಿಂದಿಯವರು ಘೋಡಾ. ಇಂಗ್ಲಿಷಿನವರಿಗೆ ಅಲ್ಲಿ ಕಂಡದ್ದು ಹುಂಜ. ಬೋಲ್ಟ್ ರೈಫಲಿನಲ್ಲಿ ಹೊರಗೆ ಕುದುರೆಯೇ ಇಲ್ಲ. ಬೋಲ್ಟಿನ ಹೊಟ್ಟೆಯೊಳಗೆ ಸ್ಪ್ರಿಂಗು ಸುತ್ತಿದ ಮುಳ್ಳು ಮುಂದಕ್ಕೆ ನುಗ್ಗಿ ತೋಟೆಯ ಬೆನ್ನಿಗೆ ಕುಟ್ಟುತ್ತದೆ. ವಸ್ತು ಮಾಯವಾದರೂ ಪದ ಬದುಕುವ ದಾರಿ ಹುಡುಕಿತು: ಬೆರಳಿನಿಂದ ಎಳೆಯುವ ಟ್ರಿಗರೇ ಈಗ ಕುದುರೆ.

ಕೋವಿ ಎಂಬ ಪದ ಬಾಳಿನ ಭಾಗವಾಗಿ ಉಳಿದಿರುವುದು ಕೊಡಗಿನಲ್ಲಿ, ಮಲೆನಾಡಿನಲ್ಲಿ, ದಕ್ಷಿಣ ಕನ್ನಡದಲ್ಲಿ. ಹಾಗೆ ಉಳಿಯಲು ಕಾನೂನೂ ಕಾರಣ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಸಿಡಿದೆದ್ದರು. ಬ್ರಿಟಿಷರು ಊರಿಗೇ ಬೆಂಕಿಯಿಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಆ ನೋವನ್ನು ಲಾವಣಿಗಳು ಹೊತ್ತು ತಂದಿವೆ. ನಾಲ್ಕೇ ವರ್ಷದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಒಪ್ಪಿಸುವ ಕಾಯಿದೆಯಿಂದ ಹೊರಗಿಟ್ಟ. ಆಯುಧ ಕಿತ್ತುಕೊಳ್ಳುವ ಕಾನೂನು ಒಂದು ಊರನ್ನು ಸುಟ್ಟಿತು, ಅದರಿಂದ ಸಿಕ್ಕ ವಿನಾಯಿತಿ ಇನ್ನೊಂದು ಸೀಮೆಯ ಮನೆಮನೆಯಲ್ಲಿ ಕೋವಿ ಉಳಿಸಿತು. ಇವೆರಡನ್ನೂ ಜೊತೆಗಿಟ್ಟು ಓದಬೇಕೆಂದು ನನ್ನ ಖಚಿತ ಅಭಿಪ್ರಾಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಅಲ್ಲಿ ತೋಕ್ ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುತ್ತದೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವ ಮುನ್ನ ಒಂದು ಗುಂಡು ಹಾರಬೇಕು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ ದೇವರ ಮುಂದೆ ಸಾಲಾಗಿಟ್ಟು ಅವುಗಳ ನಳಿಗೆಗೆ ಹೂವು ಸಿಕ್ಕಿಸುತ್ತಾರೆ. ಕೆಂಪು ಹಳದಿ ಎಸಳುಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಮಡಿಚಿರುವ ಅಗ್ನಿಶಿಖೆ ಅದು. ಕೊಡವರು ಅದನ್ನು ತೋಕ್ ಪೂ ಎನ್ನುತ್ತಾರೆ. ಮಧ್ಯ ಏಷ್ಯದ ಊದುಕೊಳವೆಯ ಪದ ಕೊಡಗಿನ ಬೇಲಿಯ ಹೂವಿಗೂ ಹೆಸರಾಯಿತು. ಪೂಜೆಯಾದ ಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

1972ರ ವನ್ಯಜೀವಿ ಕಾಯಿದೆ ಬೇಟೆಯ ಕಾಲವನ್ನು ಮುಗಿಸಿತು, ಅದು ಆಗಬೇಕಾದದ್ದೇ. ಬೇಟೆ ನಿಂತ ಮೇಲೂ ಹಳೆಯ ಬೋಲ್ಟ್ ರೈಫಲನ್ನು ಜತನ ಮಾಡುವವರ ಕೆಲಸ ನಿಂತಿಲ್ಲ. ಅದು ಮಳೆನಾಡಿನಲ್ಲಿ ಸುಲಭವೂ ಅಲ್ಲ. ಹಿಂದಿನ ತೋಟೆಗಳ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಬಿಡುತ್ತದೆ, ಆ ಉಪ್ಪು ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತದೆ. ಎಣ್ಣೆ ಸವರಿದರೆ ಉಪ್ಪು ಹೋಗುವುದಿಲ್ಲ. ನಳಿಗೆಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ. ನೂರು ವರ್ಷದ ರೈಫಲಿನ ತೋಡು ಇಂದಿಗೂ ಹೊಳೆಯುತ್ತಿದ್ದರೆ ಪ್ರತಿ ಈಡಿನ ಬಳಿಕವೂ ನೀರು ಕಾಯಿಸಿದ ಕೈಗಳಿಗೆ ಆ ಹೊಳಪು ಸಲ್ಲಬೇಕು. ಸಂಗ್ರಾಹಕರು ಬೋಲ್ಟಿನ ಮೇಲಿನ ನಂಬರೂ ನಳಿಗೆಯ ಬುಡದ ನಂಬರೂ ಒಂದೇ ಇದೆಯೇ ಎಂದು ನೋಡುತ್ತಾರೆ, ಬೋಲ್ಟು ಆ ನಳಿಗೆಯ ಜೊತೆಗೇ ಹುಟ್ಟಿದ್ದೇ ಎಂದು ತಿಳಿಯಲು. ಪರೀಕ್ಷಾಲಯದ ಮುದ್ರೆ ನೋಡುತ್ತಾರೆ. ಮರಕ್ಕೆ ಹೊಸ ಪಾಲಿಷ್ ಬಳಿದು ಹಳೆಯ ಗೀರು ಅಳಿಸಿದ್ದರೆ ಬೇಸರಪಡುತ್ತಾರೆ. ನನಗೂ ಅದು ಬೇಸರದ ವಿಷಯವೇ.

2019ರ ಕೊನೆಯಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿಯಾಗಿ ಒಬ್ಬರ ಹೆಸರಿನಲ್ಲಿ ಇರಬಹುದಾದ ಪರವಾನಗಿಯ ಕೋವಿಗಳು ಮೂರರಿಂದ ಎರಡಕ್ಕಿಳಿದವು, ವಂಶಪಾರಂಪರ್ಯದಿಂದ ಬಂದವೂ ಈ ಲೆಕ್ಕಕ್ಕೆ ಸೇರಿ. ಅಜ್ಜನ ಕಾಲದ ಮೂರನೆಯ ರೈಫಲು ಮನೆಯಿಂದ ಹೊರಡುವಾಗ ಅದರ ಮಾತುಗಳೂ ಹೊರಡುತ್ತವೆ. ಪರವಾನಗಿ ಪುಸ್ತಕದಲ್ಲಿ ಬರೆದಿರುವುದು ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್. ಚುನಾವಣೆ ಬಂದು ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುವಾಗ ಪೊಲೀಸರು ಓದಿ ಹೇಳುವುದೂ ಅದನ್ನೇ. ರೈತರು ಅದೇ ಮೂರಕ್ಕೆ ಒಂಟಿ ನಳಿಗೆಯ ಕೇಪಿನ ಕೋವಿ, ಒಂಟಿ ನಳಿಗೆಯ ತೋಟೆ ಕೋವಿ, ಜೋಡು ನಳಿಗೆಯ ತೋಟೆ ಕೋವಿ ಎನ್ನುತ್ತಾರೆ. ನಳಿಗೆ ಎಷ್ಟು, ತುಂಬುವುದು ಎಲ್ಲಿಂದ, ಎರಡೂ ಆ ಹೆಸರುಗಳಲ್ಲಿವೆ. ಸರ್ಕಾರಿ ಸಂಕ್ಷೇಪಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ರೈಫಲನ್ನು ಪೇಟೆಗೆ ಒಯ್ದು ಒಪ್ಪಿಸುವ ಮುನ್ನ ಮನೆಯವರು ಅದರ ನಂಬರಿನ ಪಕ್ಕದಲ್ಲಿ ತಯಾರಕರ ಹೆಸರನ್ನು, ನಳಿಗೆಯ ಅಳತೆಯನ್ನು, ಮನೆಯಲ್ಲಿ ಅದನ್ನು ಕರೆಯುತ್ತಿದ್ದ ಮಾತನ್ನು, ಅದರ ಬಿಡಿಭಾಗಗಳಿಗೆ ಹಿರಿಯರು ಹೇಳುತ್ತಿದ್ದ ಪದಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೋ ಕೊಡವ ತಕ್ಕಿನಲ್ಲಿಯೋ ಬರೆದಿಡಲಿ.